ಸೀರೆಯನ್ನು ಮಾರಿದವರು ಯಾರು?

ಕೊಳ್ಳೇಗಾಲದ ಅಂಗಡಿಬೀದಿಯಲ್ಲಿ ರೇಷ್ಮೆ ಸೀರೆಯ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಬೇಕೆಂದು ವಾಚಕರನ್ನು ಕೋರುತ್ತೇವೆ. ಅಂಗಡಿ ಕಲ್ಪಿತವಾದರೂ ಊರು ಕಲ್ಪಿತವಲ್ಲ. 1956ನೆಯ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಮುನ್ನ, ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿದ್ದ ಕಾಲದಿಂದಲೂ ಅದು ಹಿಪ್ಪುನೇರಳೆಗೂ ರೇಷ್ಮೆಗೂ ಹೆಸರಾದ ಸೀಮೆ. ಇಲ್ಲಿನ ಕೈಮಗ್ಗದ ಸೀರೆಗಳನ್ನು ಅರಸಿಕೊಂಡು ಮದುವೆಮನೆಯವರು ದೂರದಿಂದ ಬರುವುದುಂಟು.

ಒಂದು ದಿನ ಯಳಂದೂರಿನ ಕುಟುಂಬವೊಂದು ನಮ್ಮ ಈ ಅಂಗಡಿಗೆ ಬಂದು, ಮಗಳ ಮದುವೆಗೆಂದು 12,000 ರೂಪಾಯಿಯ ಧಾರೆ ಸೀರೆಯೊಂದನ್ನು ಕೊಂಡಿತು. ಹಣವನ್ನು ಎಣಿಸಿಕೊಂಡ ಅಂಗಡಿಯವರು ಸಹಜವಾದ ಕುತೂಹಲದಿಂದ ಕೇಳಿದರು: "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು, ತಾಯಿ?"

"ಹೋದ ವಾರ ನಮ್ಮ ನಾದಿನಿ ಒಂದು ಸೀರೆ ಉಟ್ಟುಕೊಂಡು ಬಂದಿದ್ದರು, ಅಣ್ಣ. ಅದನ್ನು ನೋಡಿಯೇ ಬಂದೆವು" ಎಂದರು ತಾಯಿ.

"ಅದಕ್ಕೂ ಮುಂಚೆ ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಹನೂರು ರಸ್ತೆಯ ಗೋಡೆಯ ಮೇಲೆ ನಿಮ್ಮ ಹೆಸರು ಬರೆದಿದ್ದನ್ನು ನಾನು ಓದಿದ್ದೆ" ಎಂದರು ತಂದೆ. ರೇಡಿಯೋದಲ್ಲಿ ಕೇಳಿದ ನೆನಪು ಅಜ್ಜಿಗೆ. ಮಗಳಾದರೋ ನಕ್ಕುಬಿಟ್ಟಳು: "ಅದೆಲ್ಲ ಯಾರಿಗೆ ಜ್ಞಾಪಕ ಇತ್ತು ಅಪ್ಪ? ಬೆಳಗ್ಗೆ ಮೊಬೈಲಿನಲ್ಲಿ ಜಾಹೀರಾತು ಕಂಡಿತು, ಅದನ್ನು ಒತ್ತಿ ವಿಳಾಸ ತಿಳಿದುಕೊಂಡು ನಿಮ್ಮನ್ನೆಲ್ಲ ಕರೆದುಕೊಂಡು ಬಂದವಳು ನಾನು."

ನಾಲ್ವರು ನಾಲ್ಕು ಉತ್ತರ ಕೊಟ್ಟರು, ನಾಲ್ಕೂ ನಿಜವೇ. ಹಾಗಾದರೆ ಆ ಸೀರೆಯನ್ನು ಮಾರಿದವರು ಯಾರು? ಗೋಡೆಯೇ, ರೇಡಿಯೋವೇ, ನಾದಿನಿಯೇ, ಮೊಬೈಲೇ?

ಇದು ಹರಟೆಯ ಪ್ರಶ್ನೆಯಲ್ಲ. ಗೋಡೆ ಬರೆಯುವವನಿಗೆ ಕೂಲಿ ಕೊಡಬೇಕು. ರೇಡಿಯೋ ಪ್ರಕಟಣೆಗೆ ಹಣ ಕಟ್ಟಬೇಕು. ಮೊಬೈಲಿನ ಜಾಹೀರಾತಿಗೆ ಒಂದೊಂದು ಒತ್ತಿಗೂ ಇಷ್ಟೆಂದು ತೆರಬೇಕು. ಮುಂದಿನ ವರ್ಷ ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದು. ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು? ತಪ್ಪಾದುದನ್ನು ಕೈಬಿಟ್ಟರೆ ಮಾರಾಟ ಕುಗ್ಗುತ್ತದೆ. ಮಾರಾಟ ಕುಗ್ಗಿದರೆ ಅದರ ಹೊಡೆತ ಅಂಗಡಿಯ ಹಿಂದಿರುವ ಮಗ್ಗಗಳವರೆಗೂ ಮುಟ್ಟುತ್ತದೆ. ಒಂದು ಮಾರಾಟದ ಶ್ರೇಯವನ್ನು ಅದಕ್ಕೆ ಮುಂಚಿನ ಮೆಟ್ಟಿಲುಗಳ ನಡುವೆ ಹಂಚುವ ಈ ಲೆಕ್ಕಕ್ಕೆ ವ್ಯಾಪಾರಶಾಸ್ತ್ರದಲ್ಲಿ 'ಆಟ್ರಿಬ್ಯೂಷನ್' ಎಂದು ಹೆಸರು. ನಾವು ಇದನ್ನು ಶ್ರೇಯ ಹಂಚಿಕೆ ಎಂದು ಕರೆಯೋಣ. ಹಂಚುವ ಒಂದೊಂದು ಕ್ರಮಕ್ಕೂ 'ಮಾದರಿ' ಎಂಬ ಹೆಸರಿದೆ.

ಲೆಕ್ಕಕ್ಕೆ ಬೇಕಾದ ಅಂಶಗಳನ್ನು ಮೊದಲು ಗೊತ್ತುಮಾಡಿಕೊಳ್ಳೋಣ. ಗೋಡೆಯನ್ನು ಓದಿದ್ದು ಕೊಳ್ಳುವುದಕ್ಕೆ 21 ದಿನ ಮುಂಚೆ. ರೇಡಿಯೋ ಕೇಳಿದ್ದು 14 ದಿನ ಮುಂಚೆ. ನಾದಿನಿಯ ಸೀರೆಯನ್ನು ಕಂಡದ್ದು 7 ದಿನ ಮುಂಚೆ. ಮೊಬೈಲಿನ ಜಾಹೀರಾತನ್ನು ಒತ್ತಿದ್ದು ಅದೇ ದಿನ.

ಎಲ್ಲಕ್ಕಿಂತ ಸುಲಭವಾದ ಮಾದರಿ ಕೊನೆಯ ಮೆಟ್ಟಿಲಿನದು. ಕೊಳ್ಳುವುದಕ್ಕೆ ತೀರ ಸಮೀಪದಲ್ಲಿ ಯಾವುದಿತ್ತೋ ಅದಕ್ಕೇ ಪೂರ್ಣ ಶ್ರೇಯ. ಇಲ್ಲಿ ಮೊಬೈಲಿಗೆ 12,000 ರೂಪಾಯಿ, ಉಳಿದವಕ್ಕೆ ಸೊನ್ನೆ. ಅಂತರಜಾಲ ಬರುವುದಕ್ಕೆ ಬಹುಕಾಲ ಹಿಂದೆಯೇ ಅಮೆರಿಕದ ಅಂಚೆ ವ್ಯಾಪಾರಿಗಳು ಈ ಕ್ರಮವನ್ನು ಬಳಸುತ್ತಿದ್ದರು. ಒಂದೊಂದು ಪತ್ರಿಕೆಯಲ್ಲಿಯೂ ಬೇರೆ ಬೇರೆ ಗುರುತಿನ ಚೀಟಿಯನ್ನು ಅಚ್ಚುಹಾಕಿಸಿ, ಗಿರಾಕಿ ಯಾವ ಗುರುತಿನ ಚೀಟಿಯನ್ನು ಕತ್ತರಿಸಿ ಕಳುಹಿಸುತ್ತಾನೆಂಬುದನ್ನು ಎಣಿಸುತ್ತಿದ್ದರು. ಕ್ಲಾಡ್ ಹಾಪ್‌ಕಿನ್ಸ್ ಎಂಬಾತ 1923ರಲ್ಲಿ ಪ್ರಕಟಿಸಿದ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಎಂಬ ಪುಸ್ತಕ ಇಂಥ ಎಣಿಕೆಯನ್ನೇ ಜಾಹೀರಾತಿನ ಬುನಾದಿಯೆಂದು ಸಾರಿತು. ಎಣಿಸದೆ ಊಹಿಸುತ್ತಿದ್ದ ಕಾಲಕ್ಕೆ ಇದು ದೊಡ್ಡ ಮುನ್ನಡೆಯೇ ಸರಿ. ಆದರೆ ಇದರ ದೋಷವನ್ನು ಬಿಳಿಗಿರಿರಂಗನ ತೇರನ್ನು ನೋಡಿದವರಾರೂ ಬಲ್ಲರು. ತೇರು ನೆಲೆಗೆ ಬಂದು ನಿಲ್ಲುವ ಕ್ಷಣದಲ್ಲಿ ಹಗ್ಗದ ಮೇಲೆ ಕೈಯಿಟ್ಟಿದ್ದವನೇ ತೇರನ್ನೆಳೆದನೆಂದು ಹೇಳಿದಂತೆ ಇದು.

ಮೊದಲ ಮೆಟ್ಟಿಲಿನ ಮಾದರಿ ಇದನ್ನು ತಲೆಕೆಳಗು ಮಾಡುತ್ತದೆ. ಗಿರಾಕಿಗೆ ಅಂಗಡಿಯನ್ನು ಮೊದಲು ಪರಿಚಯಿಸಿದವರಿಗೇ ಎಲ್ಲ ಶ್ರೇಯ, ಗೋಡೆಗೆ 12,000. ಸಮಪಾಲಿನ ಮಾದರಿಯಲ್ಲಿ ನಾಲ್ಕಕ್ಕೂ ಮೂರು ಮೂರು ಸಾವಿರ. ಸ್ಥಾನದ ಮಾದರಿ ಎಂಬ ಇನ್ನೊಂದಿದೆ: ಮೊದಲಿನದಕ್ಕೂ ಕೊನೆಯದಕ್ಕೂ ನೂರಕ್ಕೆ ನಲವತ್ತರಂತೆ ಕೊಟ್ಟು, ಉಳಿದ ಇಪ್ಪತ್ತನ್ನು ನಡುವಿನವು ಹಂಚಿಕೊಳ್ಳಬೇಕು. ಆಗ ಗೋಡೆಗೆ 4,800, ಮೊಬೈಲಿಗೆ 4,800; ರೇಡಿಯೋಗೂ ನಾದಿನಿಗೂ ತಲಾ 1,200. ನಲವತ್ತೇ ಏಕೆ, ಮೂವತ್ತೈದೇಕಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಅದು ಬಳಕೆಯಿಂದ ನಿಂತ ಸಂಖ್ಯೆಯೇ ಹೊರತು ಪ್ರಯೋಗದಿಂದ ದೊರೆತದ್ದಲ್ಲ.

ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳಿಗೆ ಐದನೆಯ ಮಾದರಿ ಹೆಚ್ಚು ಹಿಡಿಸಬಹುದು. ವಿಕಿರಣಶೀಲ ವಸ್ತುವಿಗೆ ಅರ್ಧಾಯುವಿರುವಂತೆ ಜ್ಞಾಪಕಕ್ಕೂ ಒಂದು ಅರ್ಧಾಯುವಿದೆ ಎಂದು ಇದು ಭಾವಿಸುತ್ತದೆ. ಏಳು ದಿನಕ್ಕೊಮ್ಮೆ ಜಾಹೀರಾತಿನ ಬಲ ಅರ್ಧಕ್ಕಿಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅದೇ ದಿನದ ಮೊಬೈಲಿನ ಬಲ 1 ಆದರೆ, ಒಂದು ವಾರದ ಹಿಂದಿನ ನಾದಿನಿಯದು ಅರ್ಧ, ರೇಡಿಯೋದ್ದು ಕಾಲು, ಗೋಡೆಯದು ಅರೆಕಾಲು. ಇವುಗಳ ಪ್ರಮಾಣ 8 : 4 : 2 : 1. ಒಟ್ಟು ಹದಿನೈದು ಪಾಲು. ಒಂದು ಪಾಲಿಗೆ 800 ರೂಪಾಯಿ. ಆದುದರಿಂದ ಮೊಬೈಲಿಗೆ 6,400, ನಾದಿನಿಗೆ 3,200, ರೇಡಿಯೋಗೆ 1,600, ಗೋಡೆಗೆ 800.

ಈಗ ಗೋಡೆಯೊಂದನ್ನೇ ಗಮನಿಸಿ. ಒಂದು ಮಾದರಿಯಲ್ಲಿ ಅದು ತಂದದ್ದು ಸೊನ್ನೆ, ಮತ್ತೊಂದರಲ್ಲಿ 12,000, ಉಳಿದವುಗಳಲ್ಲಿ 3,000, 4,800, 800. ಗೋಡೆ ಬದಲಾಗಲಿಲ್ಲ, ಸೀರೆ ಬದಲಾಗಲಿಲ್ಲ, ಆ ಕುಟುಂಬದ ಮನಸ್ಸಿನೊಳಗೆ ನಡೆದುದೂ ಬದಲಾಗಲಿಲ್ಲ. ಬದಲಾದದ್ದು ನಾವು ಆರಿಸಿಕೊಂಡ ನಿಯಮ ಮಾತ್ರ. ಇಂಥ ಸಂಖ್ಯೆಗಳು ಅಚ್ಚುಕಟ್ಟಾದ ಕೋಷ್ಟಕದಲ್ಲಿ ಕುಳಿತು ಕಣ್ಣಮುಂದೆ ಬಂದಾಗ ಅಳತೆಯ ಫಲಗಳಂತೆ ತೋರುತ್ತವೆ. ವಾಸ್ತವದಲ್ಲಿ ಅವು ತೀರ್ಪುಗಳು. ನ್ಯಾಯಾಧೀಶನನ್ನು ಬದಲಿಸಿದರೆ ತೀರ್ಪೂ ಬದಲಾಗುತ್ತದೆ. ಅಂತರಜಾಲದ ಜಾಹೀರಾತಿನಲ್ಲಿ ಅಗ್ರಸ್ಥಾನದಲ್ಲಿರುವ ಗೂಗಲ್ ಸಂಸ್ಥೆಯೇ 2023ರಲ್ಲಿ ಮೊದಲ ಮೆಟ್ಟಿಲು, ಸಮಪಾಲು, ಸ್ಥಾನ, ಕಾಲಕ್ಷಯ ಎಂಬ ನಾಲ್ಕು ಮಾದರಿಗಳನ್ನೂ ತನ್ನ ಲೆಕ್ಕದ ಸಲಕರಣೆಗಳಿಂದ ತೆಗೆದುಹಾಕಿತು. ಕೊನೆಯ ಮೆಟ್ಟಿಲಿನ ಮಾದರಿಯನ್ನು ಮಾತ್ರ ಉಳಿಸಿಕೊಂಡು, ಅದರ ಪಕ್ಕದಲ್ಲಿ ದತ್ತಾಂಶವನ್ನು ಆಧರಿಸಿ ಯಂತ್ರವೇ ಶ್ರೇಯವನ್ನು ಹಂಚುವ ಕ್ರಮವನ್ನು ಇರಿಸಿತು.

ಇನ್ನೊಂದು ತೊಡಕನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮ ಕಥೆಯಲ್ಲಿ ನಾಲ್ಕು ಮೆಟ್ಟಿಲುಗಳೂ ತಿಳಿದದ್ದು ಅಂಗಡಿಯವರು ಬಾಯಿಬಿಟ್ಟು ಕೇಳಿದ್ದರಿಂದ. ಯಂತ್ರಕ್ಕೆ ಕಾಣುವುದು ಯಂತ್ರದಲ್ಲಿ ನಡೆದುದು ಮಾತ್ರ. ಗೋಡೆಯನ್ನು ಓದಿದ ಕಣ್ಣು ಎಲ್ಲಿಯೂ ದಾಖಲಾಗುವುದಿಲ್ಲ. ರೇಡಿಯೋ ಕೇಳಿದ ಕಿವಿಯೂ ಇಲ್ಲ. ನಾದಿನಿಯ ಸೆರಗಂತೂ ಇಲ್ಲವೇ ಇಲ್ಲ. ಮೊಬೈಲಿನೊಳಗಿನ ಜಾಡು ಸಹ ಈಗ ಅಖಂಡವಾಗಿಲ್ಲ. 2021ರಿಂದ ಆಪಲ್ ಕಂಪನಿಯ ಫೋನುಗಳಲ್ಲಿ, ಒಂದು ತಂತ್ರಾಂಶ ಬಳಕೆದಾರನ ಬೆನ್ನುಹತ್ತಿ ಬೇರೆ ಕಡೆಗಳಲ್ಲಿಯೂ ಅವನ ಜಾಡು ಹಿಡಿಯಬೇಕಾದರೆ ಅವನ ಅಪ್ಪಣೆಯನ್ನು ಕೇಳಲೇಬೇಕು. ಜನರ ಖಾಸಗಿ ಬದುಕಿನ ದೃಷ್ಟಿಯಿಂದ ಇದು ಒಳ್ಳೆಯದೆಂದೇ ನಾವು ತಿಳಿಯುತ್ತೇವೆ. ಆದರೆ ಅರ್ಧ ಮಾತ್ರ ಕಾಣುವ ಹಾದಿಯಲ್ಲಿ ಶ್ರೇಯವನ್ನು ಹಂಚಹೊರಟರೆ, ಕಂಡವರಿಗೆಲ್ಲ ಹೆಚ್ಚು, ಕಾಣದವರಿಗೆಲ್ಲ ಸೊನ್ನೆ ಎಂದಾಗುತ್ತದೆ.

ಹಾಗಾದರೆ ನಿಯಮವನ್ನು ನಾವು ಮೊದಲೇ ಹೇರದೆ, ಎಣಿಕೆಯಿಂದಲೇ ಅದನ್ನು ಪಡೆಯಲಾಗದೆ? ಗಣಿತಜ್ಞರು ಎರಡು ಹಾದಿಗಳನ್ನು ತೋರಿಸಿದ್ದಾರೆ.

ಒಂದು ರಷ್ಯದ ಆಂಡ್ರೆ ಮಾರ್ಕೊವ್ ಎಂಬ ಗಣಿತಜ್ಞನ ಹೆಸರಿನಲ್ಲಿದೆ. ಆತ 1913ರಲ್ಲಿ ಪುಷ್ಕಿನ್ ಕವಿಯ 'ಯೆವ್ಗೆನಿ ಒನೇಗಿನ್' ಕಾವ್ಯದಿಂದ 20,000 ಅಕ್ಷರಗಳನ್ನು ತೆಗೆದುಕೊಂಡು, ಸ್ವರದ ಮುಂದೆ ವ್ಯಂಜನ ಎಷ್ಟು ಸಲ ಬರುತ್ತದೆ, ವ್ಯಂಜನದ ಮುಂದೆ ಸ್ವರ ಎಷ್ಟು ಸಲ ಬರುತ್ತದೆ ಎಂಬುದನ್ನು ಕೈಯಿಂದಲೇ ಎಣಿಸಿದನು. ಈಗಿನ ಸ್ಥಿತಿಯೊಂದನ್ನು ತಿಳಿದರೆ ಮುಂದಿನ ಸ್ಥಿತಿಯ ಸಂಭವವನ್ನು ಹೇಳಬಹುದಾದ ಇಂಥ ಸಾಲಿಗೆ ಮಾರ್ಕೊವ್ ಸರಪಣಿ ಎಂದು ಹೆಸರಾಯಿತು. ಯಳಂದೂರಿನ ಗೌರೇಶ್ವರ ದೇವಾಲಯದ ಬಳೆ ಮಂಟಪದಲ್ಲಿ ಕಲ್ಲಿನ ಬಳೆಗಳನ್ನು ಕೊಂಡಿಕೊಂಡಿಯಾಗಿ ಕಡೆದಿರುವುದನ್ನು ಕಂಡವರು ಸರಪಣಿಯ ಚಿತ್ರವನ್ನು ಮನಸ್ಸಿನಲ್ಲಿ ಸುಲಭವಾಗಿ ತಂದುಕೊಳ್ಳಬಹುದು. ನಡುವಿನ ಒಂದು ಬಳೆಯನ್ನು ಒಡೆದರೆ ಕೆಳಗೆ ತೂಗುವುದೆಷ್ಟು, ಮೇಲೆ ಉಳಿಯುವುದೆಷ್ಟು ಎಂಬುದೇ ನಮ್ಮ ಪ್ರಶ್ನೆ.

ನೂರು ಜನರನ್ನು ತೆಗೆದುಕೊಳ್ಳೋಣ. ಸಂಖ್ಯೆಗಳೆಲ್ಲ ಉದಾಹರಣೆಗಾಗಿ ನಾವು ಕಟ್ಟಿದವು. ಅರುವತ್ತು ಜನ ಮೊದಲು ಗೋಡೆಯನ್ನು ನೋಡುತ್ತಾರೆ. ನಲವತ್ತು ಜನ ನೇರವಾಗಿ ಮೊಬೈಲಿನ ಜಾಹೀರಾತನ್ನು ನೋಡುತ್ತಾರೆ. ಗೋಡೆ ನೋಡಿದವರಲ್ಲಿ 10 ಜನ ಅಲ್ಲಿಂದಲೇ ಅಂಗಡಿಗೆ ಬಂದು ಕೊಳ್ಳುತ್ತಾರೆ, 30 ಜನ ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕುತ್ತಾರೆ, 20 ಜನ ಮರೆತುಬಿಡುತ್ತಾರೆ. ಹೀಗೆ ಮೊಬೈಲಿನ ಮುಂದೆ ಒಟ್ಟು 70 ಜನ. ಅವರಲ್ಲಿ ಹತ್ತಕ್ಕೆ ಇಬ್ಬರಂತೆ 14 ಜನ ಕೊಳ್ಳುತ್ತಾರೆ. ಒಟ್ಟು ಮಾರಾಟ 24. ಕೊನೆಯ ಮೆಟ್ಟಿಲಿನ ಲೆಕ್ಕದಲ್ಲಿ ಮೊಬೈಲಿಗೆ 14, ಗೋಡೆಗೆ 10, ಮೊಬೈಲೇ ಮೇಲು.

ಈಗ ಸರಪಣಿಯಿಂದ ಗೋಡೆಯನ್ನು ಕಿತ್ತುಹಾಕಿ. ಉಳಿಯುವವರು ನೇರವಾಗಿ ಮೊಬೈಲಿಗೆ ಬಂದ ನಲವತ್ತೇ ಜನ. ಅವರಲ್ಲಿ ಕೊಳ್ಳುವವರು 8. ಎಂದರೆ 16 ಮಾರಾಟ ನಷ್ಟ. ಗೋಡೆಯನ್ನು ಮತ್ತೆ ನಿಲ್ಲಿಸಿ ಮೊಬೈಲನ್ನು ಕಿತ್ತುಹಾಕಿದರೆ 10 ಮಾರಾಟ ಉಳಿದು 14 ನಷ್ಟವಾಗುತ್ತದೆ. ಇಪ್ಪತ್ತನಾಲ್ಕು ಮಾರಾಟವನ್ನು 16ಕ್ಕೆ 14ರ ಪ್ರಮಾಣದಲ್ಲಿ ಹಂಚಿದರೆ ಗೋಡೆಗೆ 12.8, ಮೊಬೈಲಿಗೆ 11.2. ಗೋಡೆ ಮೇಲಾಯಿತು! ಮೊಬೈಲಿಗೆ ಬಂದವರಲ್ಲಿ ಮೂವತ್ತು ಜನರನ್ನು ಅಲ್ಲಿಗೆ ಕಳುಹಿಸಿದ್ದು ಗೋಡೆಯೇ ಎಂಬುದನ್ನು ಈ ಲೆಕ್ಕ ಮರೆಯಲಿಲ್ಲ.

ಎರಡನೆಯ ಹಾದಿ ಅಮೆರಿಕದ ಲಾಯ್ಡ್ ಶಾಪ್ಲಿಯದು. ಹಲವರು ಕೂಡಿ ಗಳಿಸಿದ ಲಾಭವನ್ನು ನ್ಯಾಯವಾಗಿ ಹಂಚುವುದು ಹೇಗೆಂಬುದಕ್ಕೆ ಆತ 1953ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದನು. 2012ರಲ್ಲಿ ಆಲ್ವಿನ್ ರಾತ್ ಅವರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಅದರ ತಿರುಳನ್ನು ನಮ್ಮ ರೇಷ್ಮೆ ಬೆಳೆಗಾರನು ಬಲ್ಲನು. ಹಿಪ್ಪುನೇರಳೆ ಸೊಪ್ಪಿಲ್ಲದೆ ಹುಳುವಿನಿಂದ ಗೂಡಿಲ್ಲ; ಹುಳುವಿಲ್ಲದೆ ಸೊಪ್ಪಿನಿಂದಲೂ ಗೂಡಿಲ್ಲ. ಗೂಡಿನಲ್ಲಿ ಸೊಪ್ಪಿನ ಪಾಲೆಷ್ಟು, ಹುಳುವಿನ ಪಾಲೆಷ್ಟು? ಕೊನೆಗೆ ಸೇರಿದುದಕ್ಕೇ ಶ್ರೇಯವೆಂದರೆ, ಸೊಪ್ಪನ್ನು ಮೊದಲಿಟ್ಟರೆ ಎಲ್ಲವೂ ಹುಳುವಿನದು. ಹುಳುವನ್ನು ಮೊದಲಿಟ್ಟರೆ ಎಲ್ಲವೂ ಸೊಪ್ಪಿನದು. ಶಾಪ್ಲಿಯ ಉಪಾಯವೇನೆಂದರೆ, ಸೇರುವ ಎಲ್ಲ ಅನುಕ್ರಮಗಳನ್ನೂ ಪರಿಗಣಿಸಿ ಸರಾಸರಿಯನ್ನು ತೆಗೆಯುವುದು. ಇಲ್ಲಿ ಅರ್ಧ ಅರ್ಧ.

ಅಂಗಡಿಗೆ ಇದನ್ನೇ ಅನ್ವಯಿಸೋಣ. ಯಾವ ಜಾಹೀರಾತೂ ಇಲ್ಲದಿದ್ದರೆ ತಿಂಗಳಿಗೆ 40 ಸೀರೆ. ಗೋಡೆ ಮಾತ್ರ ಇದ್ದರೆ 50. ಮೊಬೈಲ್ ಮಾತ್ರ ಇದ್ದರೆ 60. ಎರಡೂ ಇದ್ದರೆ 90 ಎಂದಿರಲಿ. ಎರಡೂ ಸೇರಿ ಹೆಚ್ಚಾಗಿ ತಂದದ್ದು 50 ಸೀರೆ. ಗೋಡೆ ಮೊದಲು ಬಂದರೆ ಅದರದು 10, ಆಮೇಲೆ ಬಂದ ಮೊಬೈಲಿನದು 40. ಮೊಬೈಲ್ ಮೊದಲು ಬಂದರೆ ಅದರದು 20, ಗೋಡೆಯದು 30. ಸರಾಸರಿ ಗೋಡೆಗೆ 20, ಮೊಬೈಲಿಗೆ 30. ಜಾಹೀರಾತಿಲ್ಲದೆಯೂ ಮಾರಾಟವಾಗುತ್ತಿದ್ದ ಆ 40 ಸೀರೆಗಳನ್ನು ಈ ಲೆಕ್ಕ ಯಾರ ಖಾತೆಗೂ ಬರೆಯಲಿಲ್ಲ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮೊದಲ ಐದು ಮಾದರಿಗಳಲ್ಲಿ ಈ ವಿವೇಕವಿರಲಿಲ್ಲ; ಅವು ಪ್ರತಿಯೊಂದು ಸೀರೆಯನ್ನೂ ಯಾವುದಾದರೊಂದು ಮೆಟ್ಟಿಲಿನ ಖಾತೆಗೆ ಬರೆದೇ ತೀರುತ್ತಿದ್ದವು.

ಆದರೆ 40, 50, 60, 90 ಎಂಬ ಸಂಖ್ಯೆಗಳು ನಮಗೆ ಎಲ್ಲಿಂದ ದೊರೆತವು? ನಾವು ಸುಮ್ಮನೆ ಬರೆದೆವು. ನಿಜವಾದ ಅಂಗಡಿಯಲ್ಲಿ ಅವನ್ನು ಪಡೆಯಬೇಕಾದರೆ ಯಾವ ಜಾಹೀರಾತೂ ಇಲ್ಲದ ತಿಂಗಳೊಂದು ಇರಬೇಕು, ಗೋಡೆ ಮಾತ್ರವಿರುವ ತಿಂಗಳೊಂದು ಇರಬೇಕು. ಸರಪಣಿಯ ಲೆಕ್ಕದಲ್ಲಿಯೂ ಇದೇ ಬಿರುಕಿದೆ. ಗೋಡೆಯನ್ನು ಕಿತ್ತರೆ ಅದನ್ನು ನೋಡಿದ್ದ ಅರುವತ್ತು ಜನರೂ ಮಾಯವಾಗುತ್ತಾರೆಂದು ಅದು ಭಾವಿಸಿತು. ಅವರಲ್ಲಿ ಕೆಲವರು ಮದುವೆ ಗೊತ್ತಾದೊಡನೆ ಹೇಗೂ ಮೊಬೈಲಿನಲ್ಲಿ ಹುಡುಕುತ್ತಿದ್ದಿರಬಹುದಲ್ಲವೇ? ಕಾಗದದ ಮೇಲೆ ಗೋಡೆಯನ್ನು ಕೆಡವುವುದು ಬೇರೆ, ರಸ್ತೆಯಲ್ಲಿ ಅದಕ್ಕೆ ಸುಣ್ಣ ಬಳಿದು ನೋಡುವುದು ಬೇರೆ.

ಈ ಭೇದ ಎಷ್ಟು ದೊಡ್ಡದೆಂಬುದಕ್ಕೆ ಒಂದು ದೃಷ್ಟಾಂತ. ಅಂಗಡಿಯವರು ಒಬ್ಬ ಹುಡುಗನನ್ನು ಗೊತ್ತುಮಾಡಿಕೊಂಡು ರಿಯಾಯಿತಿ ಚೀಟಿಗಳನ್ನು ಹಂಚಲು ಹೇಳುತ್ತಾರೆ. ಬುದ್ಧಿವಂತನಾದ ಹುಡುಗ ಬಸ್ ನಿಲ್ದಾಣಕ್ಕೆ ಹೋಗಿ ಬಿಸಿಲಿನಲ್ಲಿ ನಿಲ್ಲುವುದರ ಬದಲು ಅಂಗಡಿಯ ಬಾಗಿಲಲ್ಲೇ ನಿಂತು, ಒಳಗೆ ಬರುವ ಒಬ್ಬೊಬ್ಬರಿಗೂ ಚೀಟಿ ಕೊಡುತ್ತಾನೆ. ಸಂಜೆ ಲೆಕ್ಕ ನೋಡಿದರೆ ಕೊಂಡವರೆಲ್ಲರ ಕೈಯಲ್ಲಿಯೂ ಅವನ ಚೀಟಿ! ಕೊನೆಯ ಮೆಟ್ಟಿಲಿನ ಲೆಕ್ಕದಂತೆ ಅಂದಿನ ವ್ಯಾಪಾರವೆಲ್ಲ ಅವನಿಂದಲೇ ಆದದ್ದು. ಅಂಗಡಿಯ ಹೆಸರನ್ನು ಮೊದಲೇ ಬಲ್ಲವರು ಆ ಹೆಸರನ್ನೇ ಮೊಬೈಲಿನಲ್ಲಿ ಬರೆದು ಹುಡುಕಿದಾಗ, ಎಲ್ಲಕ್ಕಿಂತ ಮೇಲೆ ಕಾಣುವ ಹಣ ತೆತ್ತ ಜಾಹೀರಾತು ಅನೇಕ ವೇಳೆ ಈ ಹುಡುಗನಂತೆಯೇ ಇರುತ್ತದೆ.

ಇದು ಬರಿಯ ಕಟ್ಟುಕಥೆಯಲ್ಲ. ಅಮೆರಿಕದ ಈಬೇ ಎಂಬ ದೊಡ್ಡ ಅಂತರಜಾಲ ಮಾರುಕಟ್ಟೆ 2012ರಲ್ಲಿ ಇದನ್ನು ಪರೀಕ್ಷಿಸಿ ನೋಡಿತು. ತನ್ನ ಹೆಸರನ್ನು ಬರೆದು ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಕೆಲವು ಹುಡುಕುತಾಣಗಳಲ್ಲಿ ಅದು ನಿಲ್ಲಿಸಿಬಿಟ್ಟಿತು. ಜಾಹೀರಾತನ್ನು ಒತ್ತಿ ಬರುತ್ತಿದ್ದವರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಅದರ ಕೆಳಗಿದ್ದ ಪುಕ್ಕಟೆ ಕೊಂಡಿಯನ್ನು ಒತ್ತಿ ಬಂದೇ ಬಂದರು. ಬಳಿಕ ದೇಶದ ಕೆಲವು ಪ್ರದೇಶಗಳಲ್ಲಿ ಮಾತ್ರ, ಸರಕುಗಳ ಹೆಸರಿಗೆ ಕೊಡುತ್ತಿದ್ದ ಜಾಹೀರಾತನ್ನೂ ನಿಲ್ಲಿಸಿ, ನಿಲ್ಲಿಸದ ಪ್ರದೇಶಗಳೊಡನೆ ಹೋಲಿಸಿದರು. ಮಾರಾಟ ಕುಗ್ಗಿದ್ದು ಅತ್ಯಲ್ಪ. ಹೊಸಬರ ಮೇಲೂ ಅಪರೂಪಕ್ಕೆ ಕೊಳ್ಳುವವರ ಮೇಲೂ ಜಾಹೀರಾತು ಪರಿಣಾಮ ಬೀರುತ್ತಿತ್ತು, ನಿಜ. ಆದರೆ ಹಣದ ಬಹುಭಾಗ ಹೇಗೂ ಕೊಳ್ಳುತ್ತಿದ್ದವರ ಮೇಲೆ ಸುರಿಯುತ್ತಿತ್ತು. ಬ್ಲೇಕ್, ನಾಸ್ಕೊ, ಟಡೆಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದರ ವರದಿಯನ್ನು 2015ರಲ್ಲಿ 'ಎಕನಾಮೆಟ್ರಿಕಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಜಾಹೀರಾತಿನ ಫಲವನ್ನು ಎಣಿಸಿ ವರದಿ ಒಪ್ಪಿಸುವವರೇ ಬಹುಮಟ್ಟಿಗೆ ಜಾಹೀರಾತನ್ನು ಮಾರುವವರೂ ಆಗಿರುವ ಈ ಕಾಲದಲ್ಲಿ, ಕೊಳ್ಳುವವನೇ ನಿಂತು ನಡೆಸಿದ ಪರೀಕ್ಷೆಗೆ ಹೆಚ್ಚಿನ ಬೆಲೆಯಿದೆಯೆಂದು ನಮ್ಮ ಅಭಿಪ್ರಾಯ.

ಈ ವಿದ್ಯೆ ಹುಟ್ಟಿದ್ದು ವ್ಯಾಪಾರದಲ್ಲಲ್ಲ, ಹೊಲದಲ್ಲಿ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾಲಯಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್, ಗೊಬ್ಬರ ಹಾಕುವ ಪಾತಿ ಯಾವುದು, ಹಾಕದ ಪಾತಿ ಯಾವುದು ಎಂಬುದನ್ನು ನಮ್ಮ ಇಚ್ಛೆಗೆ ಬಿಡದೆ ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡಬೇಕೆಂದು ಬೋಧಿಸಿದನು. ಒಳ್ಳೆಯ ಮಣ್ಣಿರುವ ಕಡೆಯೇ ಗೊಬ್ಬರ ಹಾಕಿ, ಬೆಳೆ ಚೆನ್ನಾಗಿ ಬಂದೊಡನೆ ಗೊಬ್ಬರವನ್ನು ಹೊಗಳುವ ತಪ್ಪು ಇದರಿಂದ ತಪ್ಪುತ್ತದೆ.

ನಮ್ಮ ಅಂಗಡಿಗೆ ಪಾತಿಗಳು ಯಾವುವು? ಕೊಳ್ಳೇಗಾಲ, ಅದರಿಂದ ಬೇರ್ಪಟ್ಟು ಇತ್ತೀಚೆಗೆ ತಾಲ್ಲೂಕಾದ ಹನೂರು, ಸುವರ್ಣಾವತಿಯ ದಡದ ಯಳಂದೂರು ಎಂಬ ಮೂರು ಸೀಮೆಗಳು. ಬಿಲ್ಲಿನಲ್ಲಿ ಗಿರಾಕಿಯ ಊರನ್ನು ಬರೆದುಕೊಳ್ಳುವುದಷ್ಟೇ ಸಾಕು. ಯಾರ ಮೊಬೈಲಿನೊಳಗೂ ಇಣುಕಬೇಕಾಗಿಲ್ಲ. ಒಂದು ತಿಂಗಳು ಹನೂರಿನಲ್ಲಿ ಮೊಬೈಲ್ ಜಾಹೀರಾತನ್ನು ನಿಲ್ಲಿಸಿ, ಯಳಂದೂರಿನಲ್ಲಿ ಮುಂದುವರಿಸಿದರು ಎನ್ನೋಣ. ಹಿಂದಿನ ತಿಂಗಳು ಹನೂರಿನವರು ಕೊಂಡದ್ದು 40 ಸೀರೆ, ಈ ತಿಂಗಳು 44. ಜಾಹೀರಾತನ್ನು ನಿಲ್ಲಿಸಿದರೆ ಮಾರಾಟ ಏರಿತು! ಇಷ್ಟಕ್ಕೇ ನಿಂತವರು ಮೋಸಹೋಗುತ್ತಾರೆ. ಯಳಂದೂರಿನ ಲೆಕ್ಕವನ್ನು ನೋಡಬೇಕು. ಅಲ್ಲಿ 30 ಇದ್ದದ್ದು 36 ಆಗಿದೆ. ಐದನೆಯ ಒಂದು ಪಾಲು ಏರಿಕೆ. ಲಗ್ನದ ತಿಂಗಳಾದ್ದರಿಂದ ಎಲ್ಲೆಡೆಯೂ ವ್ಯಾಪಾರ ಚುರುಕಾಗಿತ್ತು. ಅದೇ ಪ್ರಮಾಣದಲ್ಲಿ ಏರಿದ್ದರೆ ಹನೂರಿನಲ್ಲಿ 48 ಆಗಬೇಕಾಗಿತ್ತು. ಎಂದರೆ ಜಾಹೀರಾತು ನಿಂತದ್ದರಿಂದ 4 ಸೀರೆ ಕಡಿಮೆಯಾದಂತೆ ತೋರುತ್ತದೆ.

'ತೋರುತ್ತದೆ' ಎಂದೆವು, 'ಆಯಿತು' ಎನ್ನಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಘಟನೆಗಳ ಎಣಿಕೆ ಸುಮಾರಾಗಿ ತನ್ನ ವರ್ಗಮೂಲದಷ್ಟು ತಾನಾಗಿಯೇ ಮೇಲೆ ಕೆಳಗೆ ಹೊಯ್ದಾಡುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಲವತ್ತನಾಲ್ಕರ ವರ್ಗಮೂಲ ಆರೂವರೆಗಿಂತ ಸ್ವಲ್ಪ ಹೆಚ್ಚು. ಯಾರೂ ಏನೂ ಮಾಡದಿದ್ದರೂ ಆರೇಳು ಸೀರೆಯ ಏರಿಳಿತವಿರುವ ಕಡೆ ನಾಲ್ಕು ಸೀರೆಯ ವ್ಯತ್ಯಾಸದಿಂದ ಏನನ್ನು ತೀರ್ಮಾನಿಸುವುದು? ಎಣಿಕೆ ನೂರು ಪಟ್ಟು ದೊಡ್ಡದಾಗಿದ್ದು, 4,800ರ ಬದಲು 4,400 ಬಂದಿದ್ದರೆ, ಏರಿಳಿತ ಅರುವತ್ತಾರರಷ್ಟು, ನಷ್ಟ ನಾಲ್ಕುನೂರು. ಅಲ್ಲಿ ಸಂಶಯಕ್ಕೆ ಎಡೆಯಿಲ್ಲ. ದೊಡ್ಡ ಕಂಪನಿಗೆ ಸುಲಭವಾದ ಪರೀಕ್ಷೆ ಸಣ್ಣ ಅಂಗಡಿಗೆ ಕಷ್ಟವಾಗುವುದು ಈ ಕಾರಣದಿಂದ. ಹತ್ತು ಸಾವಿರ ರೂಪಾಯಿ ವ್ಯರ್ಥವಾದರೆ ನಿಜವಾಗಿ ನೋಯುವವನಿಗೇ ಅದು ವ್ಯರ್ಥವಾಯಿತೆಂದು ತಿಳಿಯುವ ಸಾಧನ ಕಡಿಮೆ. ಇದು ನಮಗೆ ಸರಿಯೆನಿಸುವುದಿಲ್ಲ. ಆದರೆ ವರ್ಗಮೂಲ ಯಾರ ಮುಖವನ್ನೂ ನೋಡುವುದಿಲ್ಲ.

ಮತ್ತೊಂದು ಅಡಚಣೆ ನಮ್ಮ ಸೀಮೆಗೇ ವಿಶಿಷ್ಟವಾದುದು. ಪಾತಿಗಳ ನಡುವೆ ಬದುವಿರುತ್ತದೆ. ಊರುಗಳ ನಡುವೆ ಬದುವೆಲ್ಲಿದೆ? ಯಳಂದೂರಿನ ತಂದೆ ಗೋಡೆಯನ್ನು ಓದಿದ್ದು ಹನೂರು ರಸ್ತೆಯಲ್ಲಿ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕೊಳ್ಳೇಗಾಲ ಹನೂರುಗಳ ಮೂಲಕ ಹೋಗುವ ಭಕ್ತರಲ್ಲಿ ಎಲ್ಲೆಲ್ಲಿಯವರೋ ಇರುತ್ತಾರೆ. ಹನೂರಿನ ಗೋಡೆಯನ್ನು ಅಳಿಸಿದರೆ ಯಳಂದೂರಿನ ಮಾರಾಟವೂ ಕುಗ್ಗಬಹುದು; ಆಗ ಯಳಂದೂರು ಹೋಲಿಕೆಗೆ ತಕ್ಕ ಪಾತಿಯಾಗಿ ಉಳಿಯುವುದಿಲ್ಲ. ರೇಡಿಯೋ ಅಲೆಯಂತೂ ತಾಲ್ಲೂಕಿನ ಗಡಿಯನ್ನು ಕೇಳಿಕೊಂಡು ಹರಡುವುದಿಲ್ಲ. ಆದುದರಿಂದ ಈ ಪರೀಕ್ಷೆ ಊರೂರಿಗೆ ಬೇರೆಯಾಗಿ ತೋರಿಸಬಹುದಾದ ಮೊಬೈಲ್ ಜಾಹೀರಾತಿಗೆ ಹೊಂದುವಷ್ಟು ಗೋಡೆಗೂ ರೇಡಿಯೋಗೂ ಹೊಂದುವುದಿಲ್ಲ. ಅವುಗಳಿಗೆ ತಿಂಗಳು ಬಿಟ್ಟು ತಿಂಗಳು ನಡೆಸಿ ನಿಲ್ಲಿಸಿ ನೋಡುವುದೊಂದೇ ದಾರಿ. ಗೋಡೆಯ ಬಣ್ಣ ತಿಂಗಳಿಗೊಮ್ಮೆ ಅಳಿಸಿ ಬರೆಯುವಂಥದಲ್ಲವಾದ್ದರಿಂದ ಅಲ್ಲಿ ಅದೂ ಸುಲಭವಲ್ಲ.

ಇಷ್ಟಾದರೂ ಅಂಗಡಿಯವರು ಕೈಕಟ್ಟಿ ಕೂರಬೇಕಾಗಿಲ್ಲ. ಒಂದು ತಿಂಗಳ ಬದಲು ಎಂಟು ತಿಂಗಳು ನಡೆಸಬಹುದು: ಹನೂರಿನಲ್ಲಿ ನಿಲ್ಲಿಸಿದ ಮೊಬೈಲ್ ಜಾಹೀರಾತನ್ನು ಮುಂದಿನ ತಿಂಗಳು ಯಳಂದೂರಿನಲ್ಲಿ ನಿಲ್ಲಿಸಿ, ಹೀಗೆ ಸರದಿ ಬದಲಿಸುತ್ತ, ಯಾವ ತಿಂಗಳು ಯಾವ ಊರೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡಬಹುದು. ಮೂರು ತಾಲ್ಲೂಕುಗಳನ್ನು ಮೂರು ಪಾತಿಗಳೆಂದು ಎಣಿಸುವುದರ ಬದಲು ಅಂಚೆಯ ಪಿನ್‌ಕೋಡುಗಳನ್ನು ಹಿಡಿದು ಹೆಚ್ಚು ಪಾತಿಗಳನ್ನು ಮಾಡಿಕೊಳ್ಳಬಹುದು. ಬೀದಿಯ ಏಳೆಂಟು ಅಂಗಡಿಯವರು ಪೈಪೋಟಿಯನ್ನು ತುಸು ಬದಿಗಿಟ್ಟು, ಬಿಲ್ಲುಗಳ ಸಂಖ್ಯೆಯನ್ನು ಮಾತ್ರ ಒಂದುಗೂಡಿಸಿದರೆ ಎಣಿಕೆ ದೊಡ್ಡದಾಗಿ ಏರಿಳಿತದ ಕಾಟ ತಗ್ಗುತ್ತದೆ. ಪರೀಕ್ಷೆಯ ತಿಂಗಳುಗಳ ನಡುವೆ ಆಷಾಢ ಬಂದರೆ ಅದನ್ನು ಬಿಟ್ಟುಬಿಡಬೇಕು. ಮದುವೆಗಳೇ ಇಲ್ಲದ ಆ ತಿಂಗಳಿನ ಮೂರು ಮತ್ತೊಂದು ಸೀರೆಗಳಿಂದ ಏನೂ ತಿಳಿಯದು.

ನಾದಿನಿಯ ವಿಷಯ ಮಾತ್ರ ಉಳಿಯಿತು. ಅವರನ್ನು ಒಂದು ತಾಲ್ಲೂಕಿನಲ್ಲಿ ನಿಲ್ಲಿಸಿ ಇನ್ನೊಂದರಲ್ಲಿ ನಡೆಸುವುದು ಯಾವ ಅಂಗಡಿಯವನಿಂದಲೂ ಆಗದು. ಅವರ ಪಾಲು ಸಲ್ಲಬೇಕಾದದ್ದು ಆ ಸೀರೆಯನ್ನು ನೇಯ್ದವರಿಗೆ; ಜಾಹೀರಾತಿನ ಯಾವ ಲೆಕ್ಕದ ಪುಸ್ತಕದಲ್ಲಿಯೂ ನೇಯ್ಗೆಯವನ ಹೆಸರಿನಲ್ಲಿ ಒಂದು ಕಲಮು ಇರುವುದಿಲ್ಲ. ಜಾಹೀರಾತಿಲ್ಲದೆಯೂ ಮಾರಾಟವಾದ ಆ ನಲವತ್ತು ಸೀರೆಗಳೊಳಗೆ ಅವರ ಪಾಲು ಅಡಗಿದೆ. ಅದನ್ನು ಸ್ವಲ್ಪಮಟ್ಟಿಗಾದರೂ ಅಳೆಯುವ ಸಲಕರಣೆ ಅಂಗಡಿಯ ಮೇಜಿನ ಮೇಲೆಯೇ ಇದೆ: ಬಿಲ್ಲು ಬರೆಯುವಾಗ "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ, ಬಂದ ಉತ್ತರವನ್ನು ಊರಿನ ಹೆಸರಿನ ಪಕ್ಕದಲ್ಲಿ ಗುರುತುಹಾಕಿಕೊಳ್ಳುವುದು. ಕೇಳುವಾಗ ಒಬ್ಬರನ್ನೇ ಕೇಳಬಾರದು. ಜೊತೆಯಲ್ಲಿ ಬಂದ ಅಜ್ಜಿಯನ್ನೂ ಕೇಳಬೇಕು.